ಊರೂರಿನ ಚಳಿಗಾಲ

ಧನುರ್ಮಾಸದ ಬೆಳಗು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ರಾಗಿಯ ಕಣದ ಪಕ್ಕ ನಾಲ್ಕಾರು ಜನ ಒಣಹುಲ್ಲು, ಕಸಕಡ್ಡಿಗಳನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟು ಮೈ ಕಾಯಿಸಿಕೊಳ್ಳುತ್ತಿರುತ್ತಾರೆ. ಕಿವಿ ಮುಚ್ಚುವಂತೆ ತಲೆಗೆ ವಸ್ತ್ರ ಸುತ್ತಿ, ಹೆಗಲ ತುಂಬ ಕಂಬಳಿ ಹೊದ್ದು, ‘ಈ ವರ್ಷದ ಚಳಿ ಬಲು ಜೋರು’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ಉಷ್ಣಮಾಪಕವನ್ನು ಇಟ್ಟರೆ ಅದು 13 ಡಿಗ್ರಿ ಸೆಲ್ಸಿಯಸ್ ತೋರಿಸೀತು. ಅದೇ ದಿನ ಸೈಬೀರಿಯದ ಯಾಕುತ್ಸ್ಕ್ ನಗರದಲ್ಲಿ ಅದೇ ಉಷ್ಣಮಾಪಕವನ್ನು ಕಿಟಕಿಯ ಹೊರಗೆ ಹಿಡಿದರೆ ಅದು ಏನನ್ನೂ ತೋರಿಸದೆ ಹೋಗಬಹುದು. ಸೊನ್ನೆಗಿಂತ 39 ಡಿಗ್ರಿ ಕೆಳಗೆ ಪಾದರಸವೇ ಹೆಪ್ಪುಗಟ್ಟಿಬಿಡುತ್ತದೆ. ಅಲ್ಲಿಯ ಜನ ಚಳಿಯನ್ನು ಅಳೆಯುವುದಕ್ಕೆ ಮದ್ಯಸಾರ ತುಂಬಿದ ಉಷ್ಣಮಾಪಕವನ್ನು ಬಳಸಬೇಕಾಗುತ್ತದೆ. ಆದರೂ ಆ ಊರಿನ ಮಕ್ಕಳು ಅಂದು ಬೆಳಗ್ಗೆ ಶಾಲೆಗೆ ಹೋಗಿರುತ್ತಾರೆ.

ಒಂದೇ ಸೂರ್ಯನ ಕೆಳಗೆ ಇಷ್ಟು ಅಂತರ ಹೇಗೆ ಉಂಟಾಯಿತು? ಭೂಮಿಯು ಸೂರ್ಯನಿಂದ ದೂರ ಸರಿದಾಗ ಚಳಿಗಾಲ ಬರುತ್ತದೆಂದು ತಿಳಿದವರು ಹಲವರುಂಟು. ವಾಸ್ತವವು ಇದಕ್ಕೆ ತೀರ ವಿರುದ್ಧವಾಗಿದೆ. ಜನವರಿಯ ಮೊದಲ ದಿನಗಳಲ್ಲಿಯೇ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುತ್ತದೆ. ಆಗಿನ ದೂರ ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರು. ಜುಲೈ ತಿಂಗಳಲ್ಲಿ ಅದು 15 ಕೋಟಿ 20 ಲಕ್ಷಕ್ಕೆ ಏರುತ್ತದೆ. ಚಳಿಗಾಲಕ್ಕೆ ಕಾರಣವಾದದ್ದು ಭೂಮಿಯ ಅಕ್ಷದ ಓರೆ. ಇಪ್ಪತ್ತಮೂರೂವರೆ ಡಿಗ್ರಿಯಷ್ಟು ವಾಲಿಕೊಂಡೇ ಭೂಮಿ ಸೂರ್ಯನನ್ನು ಸುತ್ತುತ್ತದೆ. ಡಿಸೆಂಬರಿನಲ್ಲಿ ಉತ್ತರಾರ್ಧ ಸೂರ್ಯನಿಗೆ ಬೆನ್ನು ಕೊಟ್ಟಂತೆ ಇರುವುದರಿಂದ ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲು ಕಿರಿದಾಗುತ್ತದೆ. ಆದರೆ ಈ ನಿಯಮವು ಚಳಿಗಾಲ ಯಾವಾಗ ಬರುತ್ತದೆಂಬುದನ್ನು ತಿಳಿಸುತ್ತದೆಯೇ ಹೊರತು, ಒಂದು ಊರಿಗೆ ಅದು ಯಾವ ರೂಪದಲ್ಲಿ ಬರುತ್ತದೆಂಬುದನ್ನು ಪೂರ್ತಿಯಾಗಿ ತಿಳಿಸಲಾರದು. ಅದನ್ನು ನಿರ್ಧರಿಸುವುದರಲ್ಲಿ ಕಡಲು, ಬೆಟ್ಟ, ಗಾಳಿಗಳಿಗೆ ದೊಡ್ಡ ಪಾಲುಂಟು.

ಯಾಕುತ್ಸ್ಕ್ ನಗರವು ಲೇನಾ ನದಿಯ ದಡದಲ್ಲಿ, ಉತ್ತರ ಅಕ್ಷಾಂಶ 62 ಡಿಗ್ರಿಯಲ್ಲಿದೆ. ಮೂರು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ವಾಸವಾಗಿದ್ದಾರೆ. ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗೆ. ಗಾಳಿ ಅಲ್ಲಾಡುವುದಿಲ್ಲ. ಮನೆಗಳ ಹೊಗೆ, ವಾಹನಗಳ ಆವಿ, ಜನರ ಉಸಿರು ಎಲ್ಲವೂ ಸಣ್ಣ ಸಣ್ಣ ಹರಳುಗಳಾಗಿ ನಗರದ ಮೇಲೆ ದಟ್ಟವಾದ ಮಂಜಿನಂತೆ ನಿಂತುಬಿಡುತ್ತವೆ. ಬಯಲಿನ ಸಂತೆಯಲ್ಲಿ ಮೀನುಗಳು ಸೌದೆಯ ಕೊರಡುಗಳಂತೆ ಬಿರುಸಾಗಿ, ಬುಟ್ಟಿಗಳಲ್ಲಿ ಬಾಲ ಮೇಲೆ ಮಾಡಿ ನಿಂತಿರುತ್ತವೆ. ಅಲ್ಲಿಯ ವ್ಯಾಪಾರಿಗೆ ಶೀತಲಪೆಟ್ಟಿಗೆಯ ಖರ್ಚಿಲ್ಲ! ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ಅದರ ಬೆನ್ನ ಮೇಲೆಯೇ ಲಾರಿಗಳು ಓಡಾಡುತ್ತವೆ.

ಆ ಊರಿನ ನೆಲವೂ ಹೆಪ್ಪುಗಟ್ಟಿದೆ. ಫ್ಯೋದರ್ ಶೆರ್ಗಿನ್ ಎಂಬ ವರ್ತಕನು 1828ರಲ್ಲಿ ಅಲ್ಲಿ ಬಾವಿ ತೋಡಿಸಲು ತೊಡಗಿದನು. ಒಂಬತ್ತು ವರ್ಷ ಕೆಲಸ ನಡೆಯಿತು. ಬಾವಿ 116 ಮೀಟರು ಆಳಕ್ಕೆ ಇಳಿಯಿತು. ನೀರು ಬರಲಿಲ್ಲ, ಅಷ್ಟು ಆಳದಲ್ಲಿಯೂ ಮಣ್ಣು ಹೆಪ್ಪುಗಟ್ಟಿಯೇ ಇತ್ತು. ಶೆರ್ಗಿನ್ನನ ಹಣ ವ್ಯರ್ಥವಾದರೂ ವಿಜ್ಞಾನಕ್ಕೆ ಲಾಭವಾಯಿತು. 1844ರಲ್ಲಿ ಮಿಡೆನ್‌ಡಾರ್ಫ್ ಎಂಬ ವಿಜ್ಞಾನಿಯು ಅದೇ ಬಾವಿಯೊಳಗೆ ಬೇರೆ ಬೇರೆ ಆಳಗಳಲ್ಲಿ ಮಣ್ಣಿನ ಉಷ್ಣತೆಯನ್ನು ಅಳೆದನು. ಇಂಥ ನೆಲದ ಮೇಲೆ ಮನೆ ಕಟ್ಟುವುದು ಸುಲಭವಲ್ಲ. ಮನೆಯ ಒಳಗಿನ ಕಾವು ನೆಲಕ್ಕೆ ತಗುಲಿದರೆ ಮಣ್ಣು ಕರಗಿ ಗೋಡೆ ಕುಸಿಯುತ್ತದೆ. ಆದುದರಿಂದ ಅಲ್ಲಿಯ ದೊಡ್ಡ ಕಟ್ಟಡಗಳನ್ನು ನೆಲದೊಳಕ್ಕೆ ಆಳವಾಗಿ ಇಳಿಸಿದ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ನೆಲಕ್ಕೂ ಮನೆಗೂ ನಡುವೆ ಚಳಿಗಾಳಿ ಆಡುವಂತೆ ಜಾಗ ಬಿಡುತ್ತಾರೆ. ಬಿಸಿನೀರಿನ ಕೊಳವೆಗಳು ದಪ್ಪ ಹೊದಿಕೆ ಸುತ್ತಿಕೊಂಡು ನೆಲದ ಮೇಲೆಯೇ ಊರೆಲ್ಲ ಹರಿದಾಡುತ್ತವೆ. ಕಿಟಕಿಗಳಿಗೆ ಎರಡು ಮೂರು ಪದರ ಗಾಜು. ಮನೆಯೊಳಗೆ ಮಾತ್ರ ಜನ ತೆಳುವಾದ ಅಂಗಿಯಲ್ಲಿ ಕುಳಿತು ಚಹಾ ಕುಡಿಯುವಷ್ಟು ಬೆಚ್ಚಗಿರುತ್ತದೆ. ಈಚಿನ ದಶಕಗಳಲ್ಲಿ ಜಗತ್ತಿನ ಕಾವು ಏರಿದಂತೆ ಆ ನೆಲವೂ ಅಲ್ಲಲ್ಲಿ ಸಡಿಲಗೊಂಡು ಗೋಡೆಗಳು ಬಿರುಕು ಬಿಡುತ್ತಿವೆ. ಅವರಿಗೆ ಈಗ ಚಳಿ ಕಡಿಮೆಯಾಗುವುದೇ ಚಿಂತೆ.

ಯಾಕುತ್ಸ್ಕ್‌ನಿಂದ ಭೂಪಟದಲ್ಲಿ ಪಶ್ಚಿಮಕ್ಕೆ ಬೆರಳು ಸರಿಸುತ್ತ ಹೋದರೆ, ಹೆಚ್ಚು ಕಡಿಮೆ ಅದೇ ಸಾಲಿನಲ್ಲಿ, 60 ಡಿಗ್ರಿ ಅಕ್ಷಾಂಶದಲ್ಲಿ ನಾರ್ವೆ ದೇಶದ ಬರ್ಗೆನ್ ಸಿಗುತ್ತದೆ. ಅಲ್ಲಿಯ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಹಿಮಕ್ಕಿಂತ ಮಳೆಯೇ ಹೆಚ್ಚು. ಕೊಡೆಯಿಲ್ಲದೆ ಹೊರಗೆ ಹೊರಡುವವರು ಕಡಿಮೆ. ಮಲೆನಾಡಿನವರು ಅಲ್ಲಿಗೆ ಹೋದರೆ ಆಷಾಢದಲ್ಲಿ ತಮ್ಮ ಊರನ್ನು ಕಂಡಂತೆ ಅನಿಸೀತು. ಇದಕ್ಕೆ ಕಾರಣ ಕಡಲು. ಒಲೆಯ ಬೆಂಕಿ ಆರಿದ ಮೇಲೆ ಕಬ್ಬಿಣದ ಹೆಂಚು ಬೇಗ ತಣ್ಣಗಾಗುತ್ತದೆ. ಬಚ್ಚಲಿನ ಹಂಡೆಯ ನೀರು ಬಹಳ ಹೊತ್ತು ಬೆಚ್ಚಗಿರುತ್ತದೆ. ಯಾಕುತ್ಸ್ಕ್ ಹೆಂಚಿನ ನಡುವೆ ಇರುವ ಊರು, ಬರ್ಗೆನ್ ಹಂಡೆಯ ಅಂಚಿನಲ್ಲಿರುವ ಊರು. ಅಟ್ಲಾಂಟಿಕ್ ಸಾಗರದ ಪ್ರವಾಹವೊಂದು ದಕ್ಷಿಣದ ಬಿಸಿಯನ್ನು ನಾರ್ವೆಯ ತೀರದವರೆಗೆ ಹೊತ್ತು ತರುತ್ತದೆ. ಪಶ್ಚಿಮದ ಗಾಳಿ ಅದನ್ನು ನೆಲಕ್ಕೆ ಒಯ್ಯುತ್ತದೆ.

ಅದೇ ನಾರ್ವೆಯ ಉತ್ತರದ ಊರಾದ ಟ್ರೊಮ್ಸೊದಲ್ಲಿ ಜನರನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಕತ್ತಲು. ನವೆಂಬರ್ ಕೊನೆಯಿಂದ ಜನವರಿ ನಡುವಿನ ತನಕ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಡುಹಗಲಿನಲ್ಲಿ ನೀಲಿ ಬಣ್ಣದ ಮಬ್ಬು ಬೆಳಕು ಸ್ವಲ್ಪ ಹೊತ್ತು ಇದ್ದು ಹೋಗುತ್ತದೆ. ಜನವರಿಯ ಮೂರನೆಯ ವಾರದಲ್ಲಿ ಬೆಟ್ಟದ ಅಂಚಿನಲ್ಲಿ ಸೂರ್ಯ ಮತ್ತೆ ಮುಖ ತೋರಿದ ದಿನ ಊರಿಗೆಲ್ಲ ಹಬ್ಬ. ಅಂದು ‘ಸೂರ್ಯನ ಬನ್ನು’ ಎಂಬ ದುಂಡನೆಯ ಸಿಹಿ ತಿಂಡಿಯನ್ನು ಮಾಡಿ ತಿನ್ನುತ್ತಾರೆ. ಸಂಕ್ರಾಂತಿಗೂ ಈ ಹಬ್ಬಕ್ಕೂ ವಾರದ ಅಂತರ.

ಚಳಿಗಾಲವೆಂದರೆ ಹಿಮ ಎಂಬ ಭಾವನೆಗೆ ಸರಿಯಾಗಿ ಒಪ್ಪುವ ಊರನ್ನು ಹುಡುಕುವುದಾದರೆ ಜಪಾನಿಗೆ ಹೋಗಬೇಕು. ಆ ದೇಶದ ಪಶ್ಚಿಮ ಕರಾವಳಿಯಲ್ಲಿ ಜೋಎತ್ಸು ಎಂಬ ನಗರವಿದೆ. ಅದರ ಒಂದು ಭಾಗ ತಕಾದ ಎಂಬ ಹಳೆಯ ಪಟ್ಟಣ. ಇದು ಶ್ರೀನಗರಕ್ಕಿಂತ ಸ್ವಲ್ಪವೇ ಉತ್ತರಕ್ಕಿದೆ. ಇಲ್ಲಿಯ ಚಳಿ ವಿಪರೀತವೇನಲ್ಲ, ಹಗಲಿನಲ್ಲಿ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಆದರೆ 1945ರ ಫೆಬ್ರವರಿ 26ರಂದು ತಕಾದದ ನೆಲದ ಮೇಲೆ 377 ಸೆಂಟಿಮೀಟರು ಹಿಮ ನಿಂತಿತ್ತು. ಇಬ್ಬರು ಆಳುಗಳು ಒಬ್ಬರ ಮೇಲೊಬ್ಬರು ನಿಂತರೂ ಮೇಲಿನವನ ತಲೆ ಹಿಮದಿಂದ ಹೊರಗೆ ಬರಲಾರದು.

ಇದರ ಕಾರಣವನ್ನು ತಿಳಿಯುವುದು ಕನ್ನಡನಾಡಿನ ವಿದ್ಯಾರ್ಥಿಗೆ ಕಷ್ಟವಾಗಬಾರದು. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ಮುಂಗಾರು ಗಾಳಿ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಮಳೆ ಸುರಿಸುತ್ತದೆ; ಬೆಟ್ಟ ದಾಟಿ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಅದರ ಕೈ ಬರಿದಾಗಿರುತ್ತದೆ. ಜಪಾನಿನಲ್ಲಿ ನಡೆಯುವುದೂ ಅದೇ. ಸೈಬೀರಿಯದಿಂದ ಹೊರಟ ಒಣ ಚಳಿಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ಅದರ ಬೆಚ್ಚನೆಯ ನೀರಿನಿಂದ ತೇವವನ್ನು ಹೀರಿಕೊಂಡು, ನಡುನಾಡಿನ ಬೆಟ್ಟಗಳಿಗೆ ತಾಗಿ ಹಿಮವನ್ನು ಸುರಿಸುತ್ತದೆ. ಬೆಟ್ಟದ ಆಚೆಯ ತೋಕಿಯೊದಲ್ಲಿ ಚಳಿಗಾಲವೆಲ್ಲ ನಿರ್ಮಲವಾದ ಆಕಾಶ, ಒಣ ಹವೆ.

ತಕಾದದ ಹಳೆಯ ಬೀದಿಗಳಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಮುಂಗಟ್ಟಿನ ಸೂರನ್ನು ಬೀದಿಯ ಕಡೆಗೆ ಚಾಚಿ ಕಟ್ಟಿರುತ್ತಾರೆ. ಆ ಸೂರುಗಳು ಒಂದಕ್ಕೊಂದು ಕೂಡಿ ಉದ್ದನೆಯ ಮೊಗಸಾಲೆಯಂತಾಗಿ, ಬೀದಿ ಹಿಮದಲ್ಲಿ ಮುಳುಗಿದಾಗಲೂ ಜನ ಅದರ ಕೆಳಗೆ ನಡೆದಾಡಬಹುದು. ಅದಕ್ಕೆ ‘ಗಂಗಿ’ ಎಂದು ಹೆಸರು. ನೆಲ ಮನೆಯವನದು, ಹಾದಿ ಊರಿನವರದು. ಆ ಸೀಮೆಯವನೇ ಆದ ಸುಜುಕಿ ಬೊಕುಶಿ ಎಂಬ ವರ್ತಕನು ಹಿಮದ ನಾಡಿನ ಜನಜೀವನವನ್ನು ಕುರಿತು ಬರೆದ ಗ್ರಂಥ 1837ರಲ್ಲಿ ಪ್ರಕಟವಾಗತೊಡಗಿತು. ಅಷ್ಟು ಹಿಮವನ್ನು ಎಂದೂ ಕಾಣದ ಪಟ್ಟಣಿಗರು ಅದನ್ನು ಕುತೂಹಲದಿಂದ ಓದಿದರು. ಹಿಮವು ಚಿತ್ರದಲ್ಲಿ ಹತ್ತಿಯಂತೆ ಹಗುರವಾಗಿ ಕಂಡರೂ ಮಾಡಿನ ಮೇಲೆ ಕೂಡಿಕೊಂಡಾಗ ಮನೆಯನ್ನೇ ಮುರಿಯುವಷ್ಟು ಭಾರವಾಗುತ್ತದೆ. ಸಲಿಕೆ ಹಿಡಿದು ಮಾಡು ಹತ್ತಿ ಅದನ್ನು ಕೆಳಕ್ಕೆ ತಳ್ಳಬೇಕು. ಯುವಕರು ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದ ಹಳ್ಳಿಗಳಲ್ಲಿ ಮುದುಕರೇ ಈ ಕೆಲಸ ಮಾಡುತ್ತಾರೆ. ಆ ದೇಶದಲ್ಲಿ ಪ್ರತಿವರ್ಷ ಹಿಮದಿಂದ ಸಾಯುವವರಲ್ಲಿ ಬಹುಮಂದಿ ಹೀಗೆ ಹಿಮ ತೆಗೆಯುವಾಗ ಅಪಘಾತಕ್ಕೀಡಾದ ವೃದ್ಧರು.

ಕಾಶ್ಮೀರದವರು ಚಳಿಗಾಲವನ್ನು ಎಣಿಸಿ ಕಳೆಯುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲಾಯಿ ಕಲಾನ್’ ಎಂಬ ಕಡು ಚಳಿ, ಅನಂತರ ಇಪ್ಪತ್ತು ದಿನ ‘ಚಿಲ್ಲಾಯಿ ಖುರ್ದ್’, ಕೊನೆಗೆ ಹತ್ತು ದಿನ ‘ಚಿಲ್ಲಾಯಿ ಬಚ್ಚಾ’, ಎಂದರೆ ಮರಿಚಳಿ. ಫೆರನ್ ಎಂಬ ಸಡಿಲವಾದ ನಿಲುವಂಗಿಯ ಒಳಗೆ ಬೆತ್ತದಂಥ ಕಡ್ಡಿಗಳಿಂದ ಹೆಣೆದ ಕಾಂಗ್ರಿಯನ್ನು ಹಿಡಿದು ತಿರುಗುತ್ತಾರೆ. ಅದರೊಳಗಿನ ಮಣ್ಣಿನ ಕುಡಿಕೆಯಲ್ಲಿ ಕೆಂಡವಿರುತ್ತದೆ. ಬೇಸಿಗೆಯಲ್ಲಿಯೇ ಬದನೆ, ಸೋರೆ, ಟೊಮೆಟೊಗಳನ್ನು ಹೆಚ್ಚಿ ಒಣಗಿಸಿ ಚಳಿಗಾಲಕ್ಕೆಂದು ಕೂಡಿಡುತ್ತಾರೆ.

ಇನ್ನು ಭೂಮಧ್ಯರೇಖೆಯ ಆಚೆ ಹೋದರೆ ಪಂಚಾಂಗವೇ ತಿರುಗುಮುರುಗು. ಮೆಲ್ಬರ್ನ್ ನಗರದಲ್ಲಿ ನೆಲಸಿರುವ ಕನ್ನಡಿಗರು ಎಳ್ಳು ಬೆಲ್ಲ ಬೀರುವ ಕಾಲಕ್ಕೆ ಅಲ್ಲಿ ಕಡು ಬೇಸಿಗೆ. ಅವರು ಸ್ವೆಟರು ಹುಡುಕುವುದು ಜುಲೈಯಲ್ಲಿ.

ಹೀಗೆ ಊರೂರಿನ ಚಳಿಯನ್ನು ನೋಡುತ್ತ ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಚಳಿಯು ಹೆಚ್ಚಾಗಿ ಪ್ರಾಣ ತೆಗೆಯುವುದು ಎಲ್ಲಿ? ಯುರೋಪಿನ ಹಲವು ಪ್ರದೇಶಗಳನ್ನು ಹೋಲಿಸಿ ನೋಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಉತ್ತರ ಸೋಜಿಗ ಹುಟ್ಟಿಸುವಂಥದು. ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗಲೂ ಸಾವಿನ ಏರಿಕೆ ಶೀತಪ್ರದೇಶವಾದ ಫಿನ್ಲೆಂಡಿಗಿಂತ ಹಿತವಾದ ಹವೆಯ ಅಥೆನ್ಸ್‌ನಲ್ಲಿ ಹೆಚ್ಚಾಗಿತ್ತು. ಹೊರಗಿನ ಚಳಿ ಒಂದೇ ಮಟ್ಟದಲ್ಲಿದ್ದಾಗ, ಬೆಚ್ಚನೆಯ ನಾಡುಗಳ ಜನರ ಮನೆಯೊಳಗೆ ಕಾವು ಕಡಿಮೆ ಇತ್ತು. ಟೋಪಿ, ಕೈಚೀಲ ಧರಿಸಿದವರೂ ಕಡಿಮೆ.

ಇದರ ಕಠೋರವಾದ ನಿದರ್ಶನ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ದೊರೆಯಿತು. ಉತ್ತರದಿಂದ ಇಳಿದು ಬಂದ ಶೀತಗಾಳಿಯಿಂದ ಡಲಾಸ್ ನಗರದಲ್ಲಿ ಉಷ್ಣತೆ ಸೊನ್ನೆಗಿಂತ 19 ಡಿಗ್ರಿ ಕೆಳಕ್ಕಿಳಿಯಿತು. ಯಾಕುತ್ಸ್ಕ್‌ನವರಿಗೆ ಇದು ಚಳಿ ಇಳಿಯತೊಡಗಿದ ಮಾರ್ಚಿ ತಿಂಗಳ ಹವೆ. ಟೆಕ್ಸಸ್‌ನಲ್ಲಾದರೋ ಅನಿಲದ ಬಾವಿಗಳು, ಕೊಳವೆಗಳು, ವಿದ್ಯುದಾಗಾರದ ಯಂತ್ರಗಳು ಹೆಪ್ಪುಗಟ್ಟಿದವು. ನಲವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ತು ನಿಂತಿತು. ಆ ರಾಜ್ಯದ ಬಹುಭಾಗದ ವಿದ್ಯುಜ್ಜಾಲವು ದೇಶದ ಉಳಿದ ಜಾಲಗಳಿಂದ ಬಹುಮಟ್ಟಿಗೆ ಬೇರೆಯಾಗಿದ್ದುದರಿಂದ ನೆರೆಯವರಿಂದ ಬೇಕಾದಷ್ಟು ಎರವು ಪಡೆಯಲೂ ಆಗಲಿಲ್ಲ. ಮೈ ಮರಗಟ್ಟಿ ಸತ್ತವರೇ ಬಹಳ. ಚಳಿ ತಾಳಲಾರದೆ ಮನೆಯೊಳಗೆ ಇದ್ದಿಲು ಉರಿಸಿ ವಿಷಾನಿಲದಿಂದ ಸತ್ತವರೂ ಉಂಟು. ಸರ್ಕಾರದ ಲೆಕ್ಕದಂತೆ ಸತ್ತವರು 246 ಮಂದಿ. ಹತ್ತು ವರ್ಷಗಳ ಹಿಂದೆ, 2011ರಲ್ಲಿ, ಇಂಥದೇ ಚಳಿ ಬಂದು ಹೋಗಿ, ಯಂತ್ರಗಳಿಗೆ ಚಳಿಯಿಂದ ರಕ್ಷಣೆ ಒದಗಿಸಬೇಕೆಂದು ತನಿಖೆ ನಡೆಸಿದವರು ಸೂಚಿಸಿದ್ದರು. ಅದನ್ನು ಕೇಳಿ ನಡೆದ ಊರೆಂದರೆ ಅದೇ ರಾಜ್ಯದ ಪಶ್ಚಿಮದ ತುದಿಯಲ್ಲಿರುವ ಎಲ್ ಪಾಸೊ. ಅದು ಬೇರೊಂದು ವಿದ್ಯುಜ್ಜಾಲಕ್ಕೆ ಸೇರಿತ್ತು. 2021ರಲ್ಲಿ ಅಲ್ಲಿ ಹೆಚ್ಚಿನ ಮನೆಗಳ ದೀಪ ಆರಲಿಲ್ಲ.

ದೆಹಲಿಯ ಜನವರಿ ಇದಕ್ಕಿಂತ ಎಷ್ಟೋ ಸೌಮ್ಯ. ಇರುಳಿನಲ್ಲಿ ಉಷ್ಣತೆ ನಾಲ್ಕೈದು ಡಿಗ್ರಿಗೆ ಇಳಿದರೆ ಅದೇ ಕಡು ಚಳಿ. ಆದರೆ ಅಲ್ಲಿಯ ಮನೆಗಳನ್ನು ಕಟ್ಟಿರುವುದು ಮೇ ತಿಂಗಳ ಬೇಗೆಯನ್ನು ನೆನೆದು. ಮನೆಯೇ ಇಲ್ಲದೆ ಕಾಲುದಾರಿಯಲ್ಲಿ ಮಲಗುವವರಿಗೆ ಅದೂ ಇಲ್ಲ. ಮಂಜು ಕವಿದ ಇರುಳುಗಳಲ್ಲಿ ಬೀದಿಯಲ್ಲಿಯೇ ಪ್ರಾಣ ಬಿಟ್ಟವರ ಸುದ್ದಿ ವರ್ಷವರ್ಷವೂ ಬರುತ್ತದೆ. 2010ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥವರಿಗಾಗಿ ರಾತ್ರಿಯ ತಂಗುದಾಣಗಳನ್ನು ಒದಗಿಸಬೇಕೆಂದು ಆಜ್ಞೆ ಮಾಡಬೇಕಾಯಿತು.

ಕನ್ನಡನಾಡಿನಲ್ಲಿ ಕಡಲ ಪಕ್ಕದ ಮಂಗಳೂರಿಗೆ ಚಳಿಯ ಅರಿವೇ ಅಷ್ಟಾಗಿ ಇಲ್ಲ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಯಿತು. ಆ ಊರು ಅಷ್ಟು ಚಳಿಯನ್ನು ಮತ್ತೆ ಕಂಡಿಲ್ಲ. ಬೀದರ, ವಿಜಯಪುರಗಳ ಕಡೆ ಮಾತ್ರ ಮೋಡವಿಲ್ಲದ ಇರುಳಿನಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಸೋರಿಹೋಗಿ, ಕೆಲವು ವರ್ಷ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಅದು ಕಬ್ಬು ಕಡಿಯುವ ಕಾಲ. ದೂರದ ಊರುಗಳಿಂದ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಸಂಸಾರ ಸಮೇತ ಬಂದ ಕೂಲಿಗಳು ಕಾರ್ಖಾನೆಗಳ ಸುತ್ತಲಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ನಾಲ್ಕೈದು ತಿಂಗಳು ಬಾಳುತ್ತಾರೆ. ಗುಡಿಸಲ ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ರವದಿ ಎಂದರೆ ಕಬ್ಬಿನ ಒಣಗಿದ ಗರಿಯ ಹಾಸು. ನಸುಕಿನಲ್ಲಿ ಗಂಡ ಹೆಂಡಿರು ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುವಾಗ ಮನೆಯಲ್ಲಿದ್ದ ಒಂದೇ ಕಂಬಳಿಯಲ್ಲಿ ಕೂಸನ್ನು ಸುತ್ತಿ ಆ ಹಾಸಿನ ಮೇಲೆ ಮಲಗಿಸಿ, ಹಿರಿಯ ಮಗುವನ್ನು ಕಾವಲಿಗೆ ಕೂರಿಸಿ ಹೋಗುತ್ತಾರೆ. ಕಬ್ಬಿನ ಗರಿಯ ಮೇಲಿನ ಇಬ್ಬನಿ ಆರುವುದಕ್ಕೆ ಆಗ ಇನ್ನೂ ಮೂರು ನಾಲ್ಕು ಗಂಟೆಯಾದರೂ ಬೇಕು.