ಇಳಕಲ್ಲಿನಿಂದ ಸೊಲ್ಲಾಪುರಕ್ಕೆ: ಆನ್‌ಲೈನ್ ಮಾರಾಟವೂ ಕಾಯ್ದೆಯ ಗಡಿಗಳೂ

ಬಾಗಲಕೋಟೆ ಜಿಲ್ಲೆಯ ಹೆಸರುವಾಸಿ ಸರಕುಗಳಿಗೆ ಗಿರಾಕಿಗಳು ಮೊದಲಿನಿಂದಲೂ ಹೊರಗಿನವರೇ. ಇಳಕಲ್ ಸೀರೆಯನ್ನು ಮಹಾರಾಷ್ಟ್ರದ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಟ್ಟಿದ್ದಾರೆ. ಗುಳೇದಗುಡ್ಡದ ಖಣ ಇಲ್ಲದೆ ಗಡಿಯ ಆಚೀಚೆ ಎಷ್ಟೋ ಮನೆಗಳಲ್ಲಿ ಉಡಿ ತುಂಬುವ ಶಾಸ್ತ್ರ ಮುಗಿಯುತ್ತಿರಲಿಲ್ಲ. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ಬಸ್ಸು ಹತ್ತಿ ಊರೂರು ಸುತ್ತುತ್ತದೆ. ಬಾದಾಮಿಯ ಗುಹೆಗಳನ್ನು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಹಿಂದೆ ಗಂಟು ಕಟ್ಟಿ ಸರಕು ಒಯ್ಯುತ್ತಿದ್ದವರು ಸಗಟು ವ್ಯಾಪಾರಿಗಳು, ತೆರಿಗೆಯ ತಲೆನೋವೂ ಅವರದೇ ಆಗಿತ್ತು. ಫೋನಿನಲ್ಲಿ ಫೋಟೊ ಹಾಕಿ ನೇರವಾಗಿ ಮಾರುವ ಕಾಲ ಬಂದ ಮೇಲೆ ಆ ತಲೆನೋವು ಮಾಡುವವರ, ನೇಯುವವರ ಮನೆ ಬಾಗಿಲಿಗೆ ಬಂದಿದೆ.

ಈ ಭಾಗದಲ್ಲಿ ಆನ್‌ಲೈನ್ ಮಾರಾಟವೆಂದರೆ ದೊಡ್ಡ ಜಾಲತಾಣಗಳಷ್ಟೇ ಅಲ್ಲ. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದ ಮೇಲೆ ಸೀರೆಯ ಫೋಟೊ, ಬೆಲೆ, ಕ್ಯೂಆರ್ ಕೋಡ್ ಮೂರೂ ಒಂದೇ ಕಡೆ ಸಿಕ್ಕಿದವು. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ, ಕೇಂದ್ರ ಜವಳಿ ಸಚಿವಾಲಯದ ಇಂಡಿಯಾ ಹ್ಯಾಂಡ್‌ಮೇಡ್ ತಾಣ, ಇನ್‌ಸ್ಟಾಗ್ರಾಂ ಎಲ್ಲವೂ ಇವೆ. ಆದರೆ ಮಗ್ಗದ ಮುಂದೆ ಕೂತವರಲ್ಲಿ ಅನೇಕರಿಗೆ ನೇಯ್ದ ಸೀರೆ ಸ್ವಂತದ್ದಲ್ಲ. ನೂಲು ಕೊಡುವವರು ಸಾವ್ಕಾರರು, ನೇಕಾರರಿಗೆ ಸಿಗುವುದು ಮಜೂರಿ. ಹೀಗಾಗಿ ಇಂಟರ್ನೆಟ್ ಬಂದರೆ ಮಧ್ಯವರ್ತಿ ಮಾಯವಾಗುತ್ತಾನೆ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಸ್ವಂತ ಮಗ್ಗ, ಸ್ವಂತ ನೂಲು, ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದವರಿಗೆ ದಾರಿ ತೆರೆದಿದೆ.

ಆ ದಾರಿಯಲ್ಲಿ ಮೊದಲು ಎದುರಾಗುವುದು ಜಿಎಸ್‌ಟಿ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇದು ರಾಜ್ಯದೊಳಗಿನ ಮಾರಾಟದ ಮಾತು. ಇಳಕಲ್ಲಿನಿಂದ ಬೆಂಗಳೂರಿಗೆ ನೂರು ಸೀರೆ ಕಳಿಸಿದರೂ ಈ ಮಿತಿಯ ರಕ್ಷಣೆಯಿದೆ, ಸೊಲ್ಲಾಪುರಕ್ಕೆ ಒಂದೇ ಸೀರೆ ಕಳಿಸಿದರೂ ಅದು ಅಂತರರಾಜ್ಯ ವ್ಯಾಪಾರ. ಸಾಮಾನ್ಯ ನಿಯಮದಂತೆ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕು. ಜಾಲತಾಣಗಳ ಮೂಲಕ ಮಾರುವವರಿಗೆ ಮೊದಲು ಯಾವ ಮಿತಿಯೂ ಇರಲಿಲ್ಲ, ಮೊದಲ ಮಾರಾಟಕ್ಕೇ ಜಿಎಸ್‌ಟಿ ಸಂಖ್ಯೆ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ಜಾಲತಾಣದಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದು ಮಾರಬಹುದಾಯಿತು, ಅದೂ ತಮ್ಮ ರಾಜ್ಯದೊಳಗೆ ಮಾತ್ರ. 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಶೇ 1ರಷ್ಟು ತೆರಿಗೆ ಕಟ್ಟಿ ಮುಗಿಸುವ ಕಾಂಪೋಸಿಷನ್ ಪದ್ಧತಿಗೂ ಅದೇ ದಿನದಿಂದ ಜಾಲತಾಣದ ಬಾಗಿಲು ತೆರೆಯಿತು, ಅಲ್ಲಿಯೂ ರಾಜ್ಯದ ಗಡಿ ದಾಟುವಂತಿಲ್ಲ. ಹಳೆಯ ಮಾರುಕಟ್ಟೆ ಗಡಿಯಾಚೆ ಇರುವ ಊರಿಗೆ ಈ ರಿಯಾಯಿತಿಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ.

ಇದಕ್ಕೊಂದು ಅಪವಾದವಿದೆ, ಅದು ಹೆಚ್ಚು ಜನರಿಗೆ ಗೊತ್ತಿಲ್ಲ. ಕರಕುಶಲ ವಸ್ತುಗಳನ್ನು 20 ಲಕ್ಷ ರೂಪಾಯಿವರೆಗೆ ಹೊರರಾಜ್ಯಕ್ಕೆ ನೋಂದಣಿಯಿಲ್ಲದೆ ಮಾರಲು 2017ರಿಂದಲೇ ಅವಕಾಶವಿದೆ. ಆ ಪಟ್ಟಿಯಲ್ಲಿ ಕೈಮಗ್ಗದ ಜವಳಿಯೂ ಇದೆ. ಆದರೆ ಪ್ಯಾನ್ ಕಾರ್ಡ್ ಇರಬೇಕು, ಸರಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಸಾಗಣೆಗೆ ಇ-ವೇ ಬಿಲ್ ತೆಗೆಯಬೇಕು. ಉಳಿದ ವ್ಯಾಪಾರಿಗಳು 50 ಸಾವಿರ ರೂಪಾಯಿ ದಾಟಿದ ಸರಕಿಗೆ ತೆಗೆಯುವ ಬಿಲ್ಲನ್ನು ನೇಕಾರ ಎರಡು ಸಾವಿರದ ಸೀರೆಗೂ ತೆಗೆಯಬೇಕೆಂದರೆ, ವಿನಾಯಿತಿ ಕೊಟ್ಟ ಕೈಯೇ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಂತೆ. ಅಲ್ಲದೆ ಜಾಲತಾಣಗಳ ಮೂಲಕ ಹೊರರಾಜ್ಯಕ್ಕೆ ಮಾರುವವರಿಗೆ ಈ ಅಪವಾದ ನೆರವಾಗುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ನೇರ ಮಾರುವವರಿಗಷ್ಟೇ ಆಸರೆ.

ನೋಂದಣಿಯಾದ ಮೇಲೆ ಲೆಕ್ಕದ ಕೆಲಸ ಶುರು. ಸೀರೆಗೆ ತೆರಿಗೆ ಶೇ 5. ಜಾಲತಾಣದವರು ಗಿರಾಕಿಯಿಂದ ಬಂದ ಹಣದಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ಶೇ 0.5 ಹಿಡಿದಿಟ್ಟುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. 2024ರ ಜುಲೈವರೆಗೆ ಇದು ಶೇ 1 ಇತ್ತು. ಆ ದುಡ್ಡು ಮಾರಾಟಗಾರನದೇ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಅವನ ಖಾತೆಗೆ ಸೇರುತ್ತದೆ. ಇನ್ನು ಜಾಲತಾಣದ ಕಮಿಷನ್, ಕಮಿಷನ್ ಮೇಲೆ ಶೇ 18 ತೆರಿಗೆ, ಕೊರಿಯರ್ ವೆಚ್ಚ. ಕೃತಕ ರೇಷ್ಮೆ ಬಳಸುವವರಿಗೆ ಬಹುಕಾಲ ಇನ್ನೊಂದು ತೊಡಕೂ ಇತ್ತು: ನೂಲಿಗೆ ಶೇ 12 ತೆರಿಗೆ, ಅದೇ ನೂಲಿನ ಬಟ್ಟೆಗೆ ಶೇ 5. 2025ರ ಸೆಪ್ಟೆಂಬರ್ 22ರಿಂದ ಎರಡೂ ಶೇ 5 ಆಗಿವೆ.

ಇಷ್ಟೆಲ್ಲ ನಿಯಮಗಳಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು 2025ರ ಜುಲೈ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲದಿದ್ದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಹೋಯಿತು. ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬೋರ್ಡು ಹಾಕಿದ ಅಂಗಡಿಗಳು ರಾಜ್ಯದಲ್ಲಿ ಕಾಣತೊಡಗಿದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಲಿ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ಮನೆಯ ಖರ್ಚು, ಕೈಗಡ, ವ್ಯಾಪಾರದ ಹಣ ಎಲ್ಲವನ್ನೂ ಒಂದೇ ಖಾತೆಗೆ ಹಾಕಿಸಿಕೊಳ್ಳುವ ರೂಢಿ ಇರುವಲ್ಲಿ ಇಂಥ ನೋಟಿಸಿಗೆ ಉತ್ತರ ಬರೆಯುವುದು ಕಷ್ಟ. ವ್ಯಾಪಾರಕ್ಕೇ ಬೇರೆ ಖಾತೆ ಇದ್ದರೆ ಅರ್ಧ ಕೆಲಸ ಮುಗಿದಂತೆ.

ತೆರಿಗೆಯ ಪೆಟ್ಟು ಲೆಕ್ಕಕ್ಕೆ ಸಿಗುತ್ತದೆ, ನಕಲಿಯ ಪೆಟ್ಟು ಸಿಗುವುದಿಲ್ಲ. ಕೈಮಗ್ಗದ ಇಳಕಲ್ ಸೀರೆಯ ಗುರುತು ಇರುವುದು ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ, ಒಂದೊಂದನ್ನೂ ಕೈಯಿಂದಲೇ ಕೂಡಿಸಬೇಕು. ಸೆರಗಿನಲ್ಲಿ ತೋಪು ತೆನೆ ಎಂಬ ಬಿಳಿಯ ವಿನ್ಯಾಸ ಎದ್ದು ಬರುವುದು ಆಮೇಲೆ. ಸೀರೆಯನ್ನು ಮಗುಚಿ ಕೂಡುಗೆರೆಯ ಮೇಲೆ ಬೆರಳಾಡಿಸಿದರೆ ಗೊತ್ತಾಗುವ ಈ ಕೆಲಸ ಫೋನಿನ ಫೋಟೊದಲ್ಲಿ ಕಾಣುವುದಿಲ್ಲ. ತೋಪು ತೆನೆಯ ಚಿತ್ರವನ್ನು ವಿದ್ಯುತ್ ಮಗ್ಗವೂ ನೇಯಬಲ್ಲದು, ಮುದ್ರಿಸುವುದಂತೂ ಇನ್ನೂ ಸುಲಭ. ಜಾಲತಾಣದಲ್ಲಿ ಹುಡುಕಿದಾಗ ಎರಡೂ ಅಕ್ಕಪಕ್ಕ ನಿಲ್ಲುತ್ತವೆ, ಎರಡರ ಹೆಸರೂ ಇಳಕಲ್ ಸೀರೆ. ಬೆಲೆಯ ಅಂತರ ನೋಡಿದ ಗಿರಾಕಿಗೆ ಅಸಲಿಯೇ ದುಬಾರಿ ಮೋಸವೆನಿಸುತ್ತದೆ.

ಕಾನೂನು ಸುಮ್ಮನಿಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. 1999ರ ಕಾಯ್ದೆಯಂತೆ ಈ ಹೆಸರನ್ನು ಸುಳ್ಳಾಗಿ ಬಳಸುವುದು ಜೈಲು ಶಿಕ್ಷೆಯಾಗಬಹುದಾದ ಅಪರಾಧ. 1985ರ ಕಾಯ್ದೆ ಕೆಲವು ಬಗೆಯ ಸೀರೆಗಳೂ ಸೇರಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಆದರೆ ಜಿಐ ಊರಿಗೆ ಸಿಕ್ಕ ಮಾತ್ರಕ್ಕೆ ಊರಿನ ಪ್ರತಿ ನೇಕಾರನಿಗೂ ಅದರ ಹಕ್ಕು ತಾನಾಗಿ ಬರುವುದಿಲ್ಲ. ಒಬ್ಬೊಬ್ಬರೂ ಅಧಿಕೃತ ಬಳಕೆದಾರರೆಂದು ಅರ್ಜಿ ಹಾಕಿ ಹೆಸರು ಸೇರಿಸಬೇಕು. ನಕಲಿಯ ಮೇಲೆ ದೂರು ಕೊಡುವಾಗ ಬಲ ಬರುವುದು ಆ ಕಾಗದದಿಂದ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯೂ ಸೀರೆ ಕೈಮಗ್ಗದ್ದೆಂದು ಗಿರಾಕಿಗೆ ತೋರಿಸಲು ಅನುಕೂಲ. ಮಾರುಕಟ್ಟೆಯ ದೃಷ್ಟಿಯಿಂದ ಇವೆರಡಕ್ಕಿಂತ ಬೇಗ ಫಲ ಕೊಡುವುದು ಕೊಂಡಿ ಕೂಡಿಸುವ ಅರ್ಧ ನಿಮಿಷದ ವಿಡಿಯೊ ಇರಬಹುದು.

ಮರಳಿ ಬರುವ ಪಾರ್ಸೆಲ್ಲಿನ ಗೋಳು ಬೇರೆ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸರಕು ದೋಷವುಳ್ಳದ್ದಾಗಿದ್ದರೆ ಅಥವಾ ತೋರಿಸಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ನ್ಯಾಯವಾದ ನಿಯಮವೇ. ಆದರೆ ಫೋಟೊದಲ್ಲಿನ ಕಿರಮಂಜಿ ಬಣ್ಣ ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ಕೈಮಗ್ಗದ ಎಳೆಯ ಸಣ್ಣ ಏರುಪೇರು ಕೆಲವರಿಗೆ ದೋಷವಾಗಿ ಕಾಣುತ್ತದೆ. ಹಗಲ ಬೆಳಕಿನಲ್ಲಿ ತೆಗೆದ ಫೋಟೊ, ‘ಕೈಮಗ್ಗದ್ದು, ಎಳೆಯಲ್ಲಿ ಸಣ್ಣ ವ್ಯತ್ಯಾಸ ಸಹಜ’ ಎಂಬ ಒಂದು ಸಾಲು ಜಗಳಗಳನ್ನು ಕಡಿಮೆ ಮಾಡುತ್ತವೆ.

ತಿನಿಸಿಗೆ ನಿಯಮಗಳು ಇನ್ನೂ ಬಿಗಿ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿದ ಕರದಂಟಾಗಲಿ, ಡಬ್ಬಿಗೆ ಹಾಕಿದ ಕಡಕ್ ಜೋಳದ ರೊಟ್ಟಿಯಾಗಲಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯ 14 ಅಂಕಿಯ ಸಂಖ್ಯೆ ಇಲ್ಲದೆ ಆನ್‌ಲೈನ್‌ನಲ್ಲಿ ಮಾರುವಂತಿಲ್ಲ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ತೂಕ, ತಯಾರಾದ ದಿನ, ಬಳಸಬೇಕಾದ ಅವಧಿ, ಗರಿಷ್ಠ ಬೆಲೆ, ಹಸಿರು ಗುರುತು ಬೇಕು. ಇವು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕೆಂಬುದು ಕೇಂದ್ರದ ನಿಯಮ. ಬೇರೆ ಭಾಷೆ ಜೊತೆಗಿರಬಹುದು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡವೂ ಇರಲಿ ಎನ್ನುತ್ತದೆ. ಅಂಗೈಯಗಲದ ಚೀಟಿಯಲ್ಲಿ ಇಷ್ಟನ್ನೂ ಕೂಡಿಸುವುದು ಮನೆಯಲ್ಲಿ ತಯಾರಿಸುವ ಹೆಣ್ಣುಮಕ್ಕಳಿಗೆ ಸಣ್ಣ ಕೆಲಸವಲ್ಲ. ತಲುಪಿಸುವಾಗ ಬಳಕೆಯ ಅವಧಿಯಲ್ಲಿ ಶೇ 30ರಷ್ಟು ಅಥವಾ 45 ದಿನ ಉಳಿದಿರುವಂತೆ ನೋಡಿಕೊಳ್ಳಿ ಎಂದು 2024ರ ನವೆಂಬರ್‌ನಲ್ಲಿ ಪ್ರಾಧಿಕಾರ ಆನ್‌ಲೈನ್ ವ್ಯಾಪಾರಿಗಳಿಗೆ ಸೂಚಿಸಿದೆ.

ಬಾದಾಮಿಯ ಸಣ್ಣ ವಸತಿಗೃಹಗಳ ಪಾಲಿಗೆ ಒಂದು ಮಟ್ಟಿಗೆ ನೆಮ್ಮದಿಯಿದೆ. ನೋಂದಣಿಯಾಗದ ವಸತಿಯ ಕೋಣೆ ಬುಕಿಂಗ್ ತಾಣದ ಮೂಲಕ ಹೋದರೆ ಜಿಎಸ್‌ಟಿ ಕಟ್ಟುವ ಹೊಣೆ ಆ ತಾಣದ್ದು. ಆದರೆ ಬನಶಂಕರಿ ಜಾತ್ರೆಯ ದಿನಗಳಲ್ಲಾಗಲಿ, ಐಹೊಳೆ, ಪಟ್ಟದಕಲ್ಲು ನೋಡಿ ಬರುವ ಚಳಿಗಾಲದ ದಿನಗಳಲ್ಲಾಗಲಿ ವಿದೇಶಿ ಅತಿಥಿ ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬುವುದು ಮನೆಯಲ್ಲೇ ಕೋಣೆ ಕೊಡುವವರಿಗೂ ಕಡ್ಡಾಯ.

ಇನ್ನು ಬರಲಿರುವುದು ಗಿರಾಕಿಗಳ ಮಾಹಿತಿಯ ಲೆಕ್ಕ. ಹೆಸರು, ಫೋನ್ ನಂಬರು, ವಿಳಾಸ ಕೂಡಿಟ್ಟುಕೊಂಡು ಹೊಸ ಸೀರೆ ಬಂದಾಗಲೆಲ್ಲ ಎಲ್ಲರಿಗೂ ಫೋಟೊ ಕಳಿಸುವುದು ವಾಟ್ಸ್‌ಆ್ಯಪ್ ವ್ಯಾಪಾರದ ಜೀವಾಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಒಪ್ಪಿಗೆ ಪಡೆಯುವುದು, ಕೇಳಿದಾಗ ಮಾಹಿತಿ ಅಳಿಸುವುದು ಮುಂತಾದ ಮುಖ್ಯ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ.