ಐತಿಹಾಸಿಕ ಕಾದಂಬರಿಗಳಲ್ಲಿ ನಾಯಕ-ನಾಯಿಕೆಯರ ಅನುರಾಗ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನಮ್ಮ ಮನೆಯ ಚಾವಡಿಯಲ್ಲಿ ಕಾದಂಬರಿ ಓದುವ ಪದ್ಧತಿಯಿತ್ತು. ರಾತ್ರಿ ಊಟವಾದ ಮೇಲೆ ಹತ್ತು ಹನ್ನೆರಡು ಮಂದಿ ಸುಲಿಯಲು ಕುಳಿತರೆ, ಲಾಟೀನಿನ ಪಕ್ಕದಲ್ಲಿ ದೊಡ್ಡಮ್ಮ ಪುಸ್ತಕ ಹಿಡಿದು ಕುಳಿತುಕೊಳ್ಳುತ್ತಿದ್ದರು. ರಟ್ಟು ಹರಿದು, ಮೊದಲ ನಾಲ್ಕು ಹಾಳೆ ಕಾಣೆಯಾಗಿದ್ದ ಆ ಪುಸ್ತಕ ಬಂಕಿಮಚಂದ್ರರ ‘ದುರ್ಗೇಶನಂದಿನಿ’. ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ಕಾದಂಬರಿಯೆಂದರೆ ಏನೆಂದು ಕನ್ನಡದ ಎಷ್ಟೋ ಮನೆಗಳಿಗೆ ತೋರಿಸಿಕೊಟ್ಟವರು ಆ ಮಹನೀಯರು.

1865ರಲ್ಲಿ ಬಂಗಾಳಿಯಲ್ಲಿ ಹೊರಬಂದ ಈ ಕತೆಯ ಆರಂಭ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬಿರುಗಾಳಿ, ಮಳೆ, ಕಗ್ಗತ್ತಲು. ಮಾನಸಿಂಹನ ಮಗ ಜಗತ್ಸಿಂಹ ಒಂದು ಶಿವಾಲಯದೊಳಗೆ ಆಶ್ರಯ ಪಡೆಯುತ್ತಾನೆ. ಅಲ್ಲಿ ತಿಲೋತ್ತಮೆಯಿದ್ದಾಳೆ. ನೋಟ ಕೂಡುತ್ತದೆ, ಕೆಲಸ ಮುಗಿಯುತ್ತದೆ! ನಿಜ ಹೇಳಬೇಕೆಂದರೆ ಈ ತಿಲೋತ್ತಮೆ ನನಗೆ ಎಂದೂ ರುಚಿಸಿದವಳಲ್ಲ. ಚೆಲುವೆ, ಸಾಧ್ವಿ, ಮಾತಿಗಿಂತ ಕಣ್ಣೀರು ಹೆಚ್ಚು. ಚಾವಡಿಯಲ್ಲಿ ಅವಳ ಅಧ್ಯಾಯ ಬಂದಾಗ ಅಡಿಕೆ ಸುಲಿಯುವ ಸದ್ದು ನಿಲ್ಲುತ್ತಿರಲಿಲ್ಲ. ಗಾಯಗೊಂಡು ಸೆರೆಯಾದ ಜಗತ್ಸಿಂಹನನ್ನು ಶತ್ರುವಿನ ಮಗಳು ಆಯೇಷಾ ಹಗಲಿರುಳು ಉಪಚರಿಸುವಲ್ಲಿಗೆ ಬಂದಾಗ ಮಾತ್ರ ಕೈಗಳು ತಾವಾಗಿ ನಿಧಾನವಾಗುತ್ತಿದ್ದವು. ಆಯೇಷಾ ಅವನಿಂದ ಏನನ್ನೂ ಕೇಳುವುದಿಲ್ಲ. ತನ್ನನ್ನು ವರಿಸಬೇಕೆಂದಿರುವ ಉಸ್ಮಾನನ ಎದುರಿನಲ್ಲಿಯೇ, ಈ ಬಂದಿಯೇ ತನ್ನ ಹೃದಯದ ಒಡೆಯನೆಂದು ಹೇಳಿಬಿಡುತ್ತಾಳೆ. ಅಷ್ಟು ದಿನ ಅವಳು ಬಾಯಿಬಿಡದೆ ಇದ್ದುದರಿಂದಲೇ ಆ ಒಂದು ಮಾತಿಗೆ ಅಷ್ಟು ತೂಕ.

ನಾಯಕ-ನಾಯಿಕೆಯರು ಒಟ್ಟಿಗೆ ಕುಳಿತು ಸಲ್ಲಾಪ ಮಾಡುವುದನ್ನು ನೋಡಬೇಕಾದರೆ ನಮಗೆ ಮುದ್ದಣ-ಮನೋರಮೆಯರಿದ್ದಾರೆ. ಅವರನ್ನು ಮೀರಿಸಿದ ಜೋಡಿ ಕನ್ನಡದಲ್ಲಿಲ್ಲ. ಐತಿಹಾಸಿಕ ಕಾದಂಬರಿಕಾರನ ದಾರಿ ಬೇರೆ. ಅವನು ಜೋಡಿಯನ್ನು ಒಮ್ಮೆ ಕೂಡಿಸಿ ಮುನ್ನೂರು ಪುಟ ಅಗಲಿಸುತ್ತಾನೆ. ನಡುವೆ ಕೋಟೆ, ಯುದ್ಧ, ಕುಲ, ರಾಜಾಜ್ಞೆ.

ಈ ವಿದ್ಯೆಯನ್ನು ನಮ್ಮ ನೆರೆಯ ಮಲೆಯಾಳ ಬಲು ಚೆನ್ನಾಗಿ ಕಲಿತಿತ್ತು. ಸಿ.ವಿ. ರಾಮನ್ ಪಿಳ್ಳೆಯವರ ‘ಮಾರ್ತಾಂಡವರ್ಮ’ (1891) ಮಲೆಯಾಳದ ಮೊದಲ ಐತಿಹಾಸಿಕ ಕಾದಂಬರಿ. ಕನ್ನಡ ಶಾಲೆಯಲ್ಲಿ ಕಲಿತ ನಾನು ಅದನ್ನು ಓದಿದ್ದು ಬಹಳ ತಡವಾಗಿ, ನೆರೆಮನೆಯ ಗೆಳೆಯರೊಬ್ಬರ ಸಹಾಯದಿಂದ, ಪುಟಕ್ಕೆ ಹತ್ತು ಸಲ ಅರ್ಥ ಕೇಳುತ್ತ. ಆದರೆ ಕತೆಯ ಬೇರು ಅರ್ಥವಾಗಲು ಯಾರ ಸಹಾಯವೂ ಬೇಕಾಗಲಿಲ್ಲ. ರಾಜ್ಯ ಅರಸನ ಮಕ್ಕಳಿಗೆ ಸಲ್ಲಬೇಕೋ, ಸೋದರಳಿಯನಿಗೆ ಸಲ್ಲಬೇಕೋ ಎಂಬುದೇ ಅಲ್ಲಿನ ಜಗಳ. ಅಳಿಯಸಂತಾನದ ವ್ಯಾಜ್ಯಗಳನ್ನು ಕಣ್ಣಾರೆ ಕಂಡ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಈ ಜಗಳದ ನಡುವೆ ಅನಂತಪದ್ಮನಾಭ ಮತ್ತು ಪಾರುಕುಟ್ಟಿ. ಪಂಚವನ್ ಕಾಡಿನಲ್ಲಿ ಆತ ಕೊಲೆಯಾದನೆಂದು ಊರೆಲ್ಲ ನಂಬಿದೆ. ಪಾರುಕುಟ್ಟಿ ನಂಬಿಲ್ಲ. ಅರಸನ ಮಗ ಪದ್ಮನಾಭನ್ ತಂಬಿಗೆ ಅವಳನ್ನು ಕೊಡುವ ಮಾತು ಮನೆಯಲ್ಲಿ ನಡೆದಿದೆ, ಅವಳು ಕಾಯಿಲೆ ಬಿದ್ದಿದ್ದಾಳೆ. ಸತ್ತನೆಂದುಕೊಂಡವನು ಹುಚ್ಚನ ವೇಷದಲ್ಲಿ, ಇನ್ನೂ ಎಷ್ಟೋ ವೇಷಗಳಲ್ಲಿ, ಅದೇ ಸೀಮೆಯಲ್ಲಿ ಓಡಾಡುತ್ತಿದ್ದಾನೆ. ಯುವರಾಜನ ಪ್ರಾಣರಕ್ಷಣೆಗಾಗಿ ತನ್ನವಳಿಗೂ ತಾನು ಯಾರೆಂದು ಹೇಳುವಂತಿಲ್ಲ. ಇಬ್ಬರೂ ಒಂದೇ ಪುಟದಲ್ಲಿ ಇರುವುದು ಅಪರೂಪ. ಆದರೂ ಈ ಜೋಡಿ ಓದುಗನ ಮನಸ್ಸಿನಲ್ಲಿ ಅಗಲುವುದಿಲ್ಲ. ಅವನನ್ನು ಬದುಕಿಸಿದ ಪಠಾಣರ ಮನೆಯಲ್ಲಿ ಸುಲೈಖಾ ಎಂಬವಳೂ ಇದ್ದಾಳೆ, ಆಯೇಷಾಳಂತೆಯೇ ಪ್ರೀತಿಸಿ ಬರಿಗೈಯಲ್ಲಿ ಉಳಿದವಳು.

ಇಂತಹ ಕತೆಗಳಲ್ಲಿ ಮೂರನೆಯ ಹೆಣ್ಣು ಏಕೆ ಯಾವಾಗಲೂ ತ್ಯಾಗಮೂರ್ತಿಯಾಗಬೇಕು? ನಾಯಕನಿಗೆ ಇಬ್ಬರ ಪ್ರೀತಿ, ನಾಯಿಕೆಗೆ ಅವನು; ಇವಳಿಗೆ ಓದುಗರ ಕಣ್ಣೀರು ಮಾತ್ರ. ಲೇಖಕರಿಗೆ ಇದು ಅನುಕೂಲವಾದ ಏರ್ಪಾಡು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಕನ್ನಡದ್ದೇ ಉದಾಹರಣೆ ಬೇಕೆಂದರೆ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಇದೆ. ಬೆಂಗಳೂರಿನಲ್ಲಿ ಗರಡಿ ನಡೆಸಿ ಸಾವಿರಾರು ಹುಡುಗರ ಮೈ ಬೆಳೆಸಿದ ಈ ವ್ಯಾಯಾಮಪಟು ಇಷ್ಟು ಮೃದುವಾದ ಕಾದಂಬರಿ ಬರೆದರೆಂದರೆ ಆಶ್ಚರ್ಯ. ಇಲ್ಲಿ ವಿಷ್ಣುವರ್ಧನ-ಶಾಂತಲೆಯರ ಅನುರಾಗದಷ್ಟೇ ದೊಡ್ಡದು ಶಾಂತಲೆ ಮತ್ತು ಗೆಳತಿ ಲಕ್ಷ್ಮಿಯ ಸ್ನೇಹ. ಆ ಗೆಳತಿಯೇ ಸವತಿಯಾಗಿ ಬರುತ್ತಾಳೆ. ಶಾಂತಲೆಯ ಒಪ್ಪಿಗೆಯಿಂದಲೇ ಬರುತ್ತಾಳೆ.

ಶಾಸನ ಹೇಳುವುದೇ ಬೇರೆ. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರು ‘ಸವತಿಗಂಧವಾರಣ ಬಸದಿ’. ಸವತಿಯರೆಂಬವರಿಗೆ ಮದಗಜದಂತಿದ್ದವಳು ಎಂಬುದು ಆಕೆಯ ಬಿರುದು! ಗೀತ-ವಾದ್ಯ-ನೃತ್ಯಗಳಲ್ಲಿ ನಿಪುಣೆ, ಜಿನಭಕ್ತೆ ಎಂಬ ಹೊಗಳಿಕೆಗಳ ಜೊತೆಗೆ ಇದನ್ನೂ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವಿದ್ದು ದೇಹ ಬಿಟ್ಟಳು. ಬೆಟ್ಟದಿಂದ ಹಾರಿಕೊಂಡಳೆಂಬುದು ಜನರ ಮಾತು, ಶಾಸನದ ಮಾತಲ್ಲ. ಪಟ್ಟ ಕೊನೆಗೆ ದೊರೆತದ್ದು ಲಕ್ಷ್ಮೀದೇವಿಯ ಮಗ ನರಸಿಂಹನಿಗೆ. ಕಾದಂಬರಿಯ ಶಾಂತಲೆಯನ್ನು ನಾನು ಪ್ರೀತಿಸುತ್ತೇನೆ. ಆದರೆ ಸವತಿಯರನ್ನು ಸಹಿಸದ ಶಾಸನದ ಶಾಂತಲೆಯ ಹತ್ತಿರ ಮಾತನಾಡಬಹುದಿತ್ತು ಎನ್ನಿಸುತ್ತದೆ.

ಮಾಸ್ತಿಯವರ ‘ಚನ್ನಬಸವನಾಯಕ’ದ ದಾರಿ ಇವೆಲ್ಲಕ್ಕಿಂತ ಭಿನ್ನ. ನಮ್ಮ ಬೇಕಲ ಕೋಟೆಯನ್ನು ಕಟ್ಟಿದ ಕೆಳದಿ ಅರಸರ ವಂಶದ ಕೊನೆಯ ದಿನಗಳ ಕತೆ ಅದು; 1763ರಲ್ಲಿ ಹೈದರನು ಬಿದನೂರನ್ನು ಹಿಡಿದ ಕಾಲ. ವಿಧವೆ ರಾಣಿ ವೀರಮ್ಮಾಜಿಯ ಪ್ರಣಯ ಅರಮನೆಯನ್ನೇ ಒಡೆಯುತ್ತದೆ. ಬಿರುಗಾಳಿಯಿಲ್ಲ, ಶಿವಾಲಯವಿಲ್ಲ, ಚೆಲುವಿನ ವರ್ಣನೆಯೂ ಹೆಚ್ಚಿಲ್ಲ. ದೊಡ್ಡಮ್ಮ ಇದನ್ನು ಒಬ್ಬರೇ ಓದಿ ಮುಗಿಸಿ ಅಟ್ಟದ ಮೇಲಿಟ್ಟರು. ಚಾವಡಿಯಲ್ಲಿ ಓದಲಿಲ್ಲ, ಏಕೆಂದು ನಾವು ಕೇಳಲೂ ಇಲ್ಲ.

‘ದುರ್ಗೇಶನಂದಿನಿ’ ಮುಗಿದ ರಾತ್ರಿ ನನಗೆ ಇಂದಿಗೂ ನೆನಪಿದೆ. ತಿಲೋತ್ತಮೆಯ ಮದುವೆಗೆ ಬಂದ ಆಯೇಷಾ ತನ್ನ ಒಡವೆಗಳನ್ನೆಲ್ಲ ಅವಳಿಗೆ ತೊಡಿಸುತ್ತಾಳೆ. ಮನೆಗೆ ಮರಳಿ, ವಿಷವಿಟ್ಟಿದ್ದ ಉಂಗುರವನ್ನು ಬೆರಳಿನಿಂದ ತೆಗೆದು ನೋಡುತ್ತ ಬಹಳ ಹೊತ್ತು ನಿಂತು, ಕೊನೆಗೆ ಕೋಟೆಯ ಕಂದಕದ ನೀರಿಗೆ ಎಸೆದುಬಿಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ದೊಡ್ಡಮ್ಮ ಕನ್ನಡಕ ತೆಗೆದರು. ಯಾರೂ ಮಾತನಾಡಲಿಲ್ಲ. ಮೂಲೆಯಲ್ಲಿ ಕಂಬಕ್ಕೆ ಒರಗಿದ್ದ ಅಜ್ಜಿ ಕೇಳಿದರು:

“ಆ ಕೂಸು ಮತ್ತೆ ಎಂತಾತು?”

“ಪುಸ್ತಕಲ್ಲಿ ಬರದ್ದಿಲ್ಲೆ ಅತ್ತೆ,” ಎಂದರು ದೊಡ್ಡಮ್ಮ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಕೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.