ಚೇತಕ್

ವಿಮಾನವು ಮೇಲೇರಬೇಕಾದರೆ ದೀರ್ಘವಾದ ಓಡುದಾರಿ ಬೇಕು. ನೆರೆಯ ನೀರು ಸುತ್ತುವರಿದ ಮನೆಯ ಮಾಳಿಗೆಯ ಮೇಲಾಗಲಿ, ಹಿಮಾಲಯದ ಕಡಿದಾದ ಇಳಿಜಾರಿನಲ್ಲಾಗಲಿ ಓಡುದಾರಿ ಎಲ್ಲಿಂದ ಬರಬೇಕು? ಅಂತಹ ಎಡೆಗಳಿಗೆ ಹೋಗಬಲ್ಲ ವಾಹನವೇ ಹೆಲಿಕಾಪ್ಟರ್. ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ನೆರೆಯ ನಗರವಾದ ಬೆಂಗಳೂರಿನಲ್ಲಿ ಸಿದ್ಧವಾಗಿ, ಹಲವು ದಶಕಗಳ ಕಾಲ ನಮ್ಮ ಸೈನ್ಯಕ್ಕೆ ಬಲಗೈಯಂತಿದ್ದ ಹೆಲಿಕಾಪ್ಟರ್ ‘ಚೇತಕ್’.

ಇದರ ನೆತ್ತಿಯ ಮೇಲೆ ಮೂರು ನೀಳವಾದ ರೆಕ್ಕೆಗಳಿವೆ. ಅವು ವೇಗವಾಗಿ ತಿರುಗಿ ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಅದಕ್ಕೆ ಪ್ರತಿಯಾಗಿ ವಾಹನವು ಮೇಲಕ್ಕೇಳುತ್ತದೆ. ರೆಕ್ಕೆಗಳು ಒಂದು ಕಡೆಗೆ ತಿರುಗಿದರೆ ಒಡಲು ಮತ್ತೊಂದು ಕಡೆಗೆ ತಿರುಗಲೆಳಸುತ್ತದೆ. ಬಾಲದಲ್ಲಿರುವ ಚಿಕ್ಕ ರೆಕ್ಕೆಗಳು ಅದನ್ನು ತಡೆಯುತ್ತವೆ. ಆದ್ದರಿಂದಲೇ ಚೇತಕ್ ನೆಟ್ಟಗೆ ಏರಬಲ್ಲದು, ಇಳಿಯಬಲ್ಲದು, ಆಕಾಶದಲ್ಲಿ ಒಂದೇ ಕಡೆ ನಿಲ್ಲಲೂಬಲ್ಲದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಚೇತಕ್ಕಿನ ಎಂಜಿನ್ನಿಗಾದರೋ ನೆಲಮಟ್ಟದಲ್ಲಿ ಬೇಕಾದುದಕ್ಕಿಂತ ಹೆಚ್ಚಿನ ಶಕ್ತಿಯಿದೆ. ಆ ಉಳಿತಾಯವೇ ಬೆಟ್ಟಗಳ ಮೇಲೆ ಅದನ್ನು ಕಾಪಾಡುತ್ತದೆ.

ಇದರ ಮೂಲ ಫ್ರಾನ್ಸ್ ದೇಶದ ‘ಆಲುಯೆಟ್-3’. ಅದು 1959ರಲ್ಲಿ ಮೊದಲು ಹಾರಿತು. 1960ರಲ್ಲಿ ಹಿಮಾಲಯದಲ್ಲಿ ಸುಮಾರು 6,000 ಮೀಟರ್ ಎತ್ತರದಲ್ಲಿ ಇಳಿದು ಜಗತ್ತನ್ನು ಬೆರಗುಗೊಳಿಸಿತು. ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ವಿಮಾನ ಕಾರ್ಖಾನೆಯು 1962ರಲ್ಲಿ ಅದನ್ನು ತಯಾರಿಸುವ ಪರವಾನಗಿಯನ್ನು ಪಡೆಯಿತು. ರಾಣಾ ಪ್ರತಾಪನ ಕುದುರೆಯ ಹೆಸರನ್ನು ಅದಕ್ಕಿಡಲಾಯಿತು. ಮುಂದೆ ಮುನ್ನೂರಕ್ಕೂ ಹೆಚ್ಚು ಚೇತಕ್‌ಗಳು ಇಲ್ಲಿಂದ ಹೊರಬಂದವು.

ಚಾಲಕನೂ ಸೇರಿ ಏಳು ಜನ ಇದರಲ್ಲಿ ಕುಳಿತುಕೊಳ್ಳಬಹುದು. ಆಸನಗಳನ್ನು ತೆಗೆದರೆ ಎರಡು ರೋಗಿಗಳ ಮಂಚಗಳಿಗೆ ಸ್ಥಳವಾಗುತ್ತದೆ. ಒಡಲಿಗೆ ರಾಕೆಟ್ಟುಗಳನ್ನು ಜೋಡಿಸಿದರೆ ಅದೇ ಯುದ್ಧವಾಹನ. 1971ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಯೋಧರು, ಭಾರತವು ಕೊಟ್ಟಿದ್ದ ಇಂತಹ ಒಂದು ಹೆಲಿಕಾಪ್ಟರಿನಿಂದ ನಾರಾಯಣಗಂಜದ ಇಂಧನ ಸಂಗ್ರಹಾಗಾರದ ಮೇಲೆ ದಾಳಿ ಮಾಡಿದರು. ಹಡಗಿನಿಂದ ಹಾರಿ ಕಡಲಿನಲ್ಲಿ ಸಿಲುಕಿದವರನ್ನು ಹುಡುಕುವುದು, ತೂಗುಹಗ್ಗದಿಂದ ಅವರನ್ನು ಮೇಲೆತ್ತುವುದು, ಗಾಯಾಳುಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಇದರ ಇತರ ಕಾರ್ಯಗಳು. ಇದರ ಎಂಜಿನ್ನನ್ನೇ ಹೊಂದಿದ ‘ಚೀತಾ’ ಹೆಲಿಕಾಪ್ಟರ್ ಸಿಯಾಚಿನ್ ಹಿಮನದಿಯ ನೆಲೆಗಳಿಗೆ ಆಹಾರವನ್ನೂ ಔಷಧವನ್ನೂ ಒಯ್ದು, ಅಸ್ವಸ್ಥರಾದ ಸೈನಿಕರನ್ನು ಹೊತ್ತು ತಂದಿದೆ. ಅಲ್ಲಿ ಒಂದು ಗಂಟೆಯ ವಿಳಂಬವೂ ಪ್ರಾಣವನ್ನೇ ಕಳೆಯಬಹುದು.

ಯಂತ್ರಕ್ಕೂ ಮುಪ್ಪಿದೆ. ಚೇತಕ್ಕಿನ ರಚನೆ ಅರವತ್ತು ವರ್ಷಗಳಿಗೂ ಹಳೆಯದು. ಹಳೆಯ ಯಂತ್ರವನ್ನು ಹಾರಿಸುವ ಅಪಾಯವನ್ನು ಹೊರುವವನು ಚಾಲಕ. ಆದುದರಿಂದ ಹೊಸದನ್ನು ನಿರ್ಮಿಸುವುದು ಆಡಂಬರವಲ್ಲ, ಕರ್ತವ್ಯ. ಪರವಾನಗಿಯಿಂದ ಕಲಿತ ಬೆಂಗಳೂರಿನ ತಂತ್ರಜ್ಞರು 1992ರಲ್ಲಿ ‘ಧ್ರುವ’ವನ್ನು ಹಾರಿಸಿದರು. ಚೇತಕ್ ಮತ್ತು ಚೀತಾಗಳ ಸ್ಥಾನವನ್ನು ತುಂಬಲೆಂದು ರೂಪಿಸಿದ ಹಗುರ ಹೆಲಿಕಾಪ್ಟರ್ 2016ರಲ್ಲಿ ಮೊದಲ ಬಾರಿಗೆ ಮೇಲೇರಿತು. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದಕ್ಕಾಗಿ ಹೊಸ ಕಾರ್ಖಾನೆ ಆರಂಭವಾಯಿತು. ಅನ್ಯರಿಂದ ವಿದ್ಯೆಯನ್ನು ಪಡೆಯುವುದು ತಪ್ಪಲ್ಲ. ಪಡೆದುದನ್ನು ಬೆಳೆಸದಿರುವುದು ತಪ್ಪು. ಚೇತಕ್ ನಮಗೆ ಕಲಿಸುವ ಪಾಠ ಇದೇ.